ಹಳೆಯ ಕ್ಯಾಮೆರಾಗಳ ಬಳಕೆ

ಹಳೆಯ ಕ್ಯಾಮೆರಾಗಳನ್ನು ಸಂಗ್ರಹಿಸುವವರನ್ನು ಕಂಡೊಡನೆ ಜನರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇವುಗಳಲ್ಲಿ ಯಾವುದು ಉತ್ತಮ? ಉಡುಪಿಯ ಕಡಿಯಾಳಿಯಲ್ಲಿರುವ ನಮ್ಮ ಮನೆಯ ಕಪಾಟಿನಿಂದ ಮೂರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡೋಣ.

ಮೊದಲನೆಯದು ಬರೋಡೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ 3 ಎಂಬ ಪೆಟ್ಟಿಗೆ ಕ್ಯಾಮೆರಾ. ಎರಡನೆಯದು ಯಾಷಿಕಾ ಮ್ಯಾಟ್ 124 ಜಿ. ಇದರ ಎರಡು ಮಸೂರಗಳಲ್ಲಿ ಮೇಲಿನದು ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಮೂರನೆಯದು 1976ರಲ್ಲಿ ಹೊರಬಂದ ಪೆಂಟಾಕ್ಸ್ ಕೆ 1000. ಮೊದಲೆರಡಕ್ಕೂ ಬೇಕಾದುದು 120 ಎಂಬ ಅಗಲವಾದ ಫಿಲ್ಮು. ಒಂದು ಸುರುಳಿಗೆ 12 ಚೌಕ ಚಿತ್ರಗಳು. 1901ರಲ್ಲಿ ಬಂದ ಈ ಫಿಲ್ಮು ಇಂದಿಗೂ ತಯಾರಾಗುತ್ತಿರುವುದರಿಂದಲೇ ಈ ಯಂತ್ರಗಳಿಗೆ ಇನ್ನೂ ಜೀವವಿದೆ. ಪೆಂಟಾಕ್ಸಿನದು 35 ಮಿಲಿಮೀಟರಿನ ಫಿಲ್ಮು, 36 ಚಿತ್ರಗಳು. ಆದರೆ ಚೌಕ ನೆಗೆಟಿವಿನ ವಿಸ್ತೀರ್ಣವು ಇದರ ಮೂರೂವರೆ ಪಾಲಿಗಿಂತಲೂ ಹೆಚ್ಚಾದುದರಿಂದ, ಚಿತ್ರವನ್ನು ದೊಡ್ಡದು ಮಾಡಿದಾಗ ಸೂಕ್ಷ್ಮ ವಿವರಗಳು ಅದರಲ್ಲಿ ಚೆನ್ನಾಗಿ ಉಳಿಯುತ್ತವೆ.

ಕ್ಯಾಮೆರಾವೆಂದರೆ ಬೆಳಕನ್ನು ಅಳೆದು ಒಳಗೆ ಬಿಡುವ ಕತ್ತಲೆಯ ಕೋಣೆಯಲ್ಲದೆ ಬೇರೆಯಲ್ಲ. ಅಳತೆಯ ಸಾಧನಗಳು ಎರಡು: ಮಸೂರದ ಕಿಂಡಿಯ ಅಗಲ ಮತ್ತು ಅದು ತೆರೆದಿರುವ ಕಾಲ. ಕಿಂಡಿಯ ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 11ರ ಕಿಂಡಿಗಿಂತ ಎಫ್ 2ರ ಕಿಂಡಿಯು ಸುಮಾರು ಮೂವತ್ತರಷ್ಟು ಬೆಳಕನ್ನು ಬಿಡುತ್ತದೆ. ಪೆಟ್ಟಿಗೆ ಕ್ಯಾಮೆರಾದ ಕಿಂಡಿ ಕಿರಿದು, ವೇಗವೂ ಬದಲಾಗದು.

ಒಂದು ನವರಾತ್ರಿಯಲ್ಲಿ ಈ ಮೂರನ್ನೂ ಕಡಿಯಾಳಿಯ ಮಹಿಷಮರ್ದಿನಿ ದೇವಸ್ಥಾನದ ಬಳಿಗೆ ಒಯ್ದಿದ್ದೆ. ಹಗಲಿನ ಬಿಸಿಲಿನಲ್ಲಿ ಪೆಟ್ಟಿಗೆಯೂ ನಾಚಬೇಕಾದ ಚಿತ್ರ ಕೊಡಲಿಲ್ಲ. ಸಂಜೆ, ದೀಪಗಳ ಬೆಳಕಿನಲ್ಲಿ, 400 ವೇಗದ ಫಿಲ್ಮು ಹಾಕಿದ್ದರೂ ಅದರ ನೆಗೆಟಿವು ಬರಿದಾಯಿತು. ಎಫ್ 3.5ರ ಯಾಷಿಕಾಕ್ಕೆ ಮುಕ್ಕಾಲಿ ಬೇಕಾಯಿತು. ಎಫ್ 2ರ ಮಸೂರವುಳ್ಳ ಪೆಂಟಾಕ್ಸು ಮಾತ್ರ ಕೈಯಲ್ಲಿದ್ದಂತೆಯೇ ಜನರ ಮುಖಗಳನ್ನು ಹಿಡಿದುಕೊಟ್ಟಿತು.

ನಮ್ಮ ಕರಾವಳಿಯಲ್ಲಿ ಇವೆಲ್ಲಕ್ಕೂ ಒಬ್ಬನೇ ಶತ್ರು: ಬೂಷ್ಟು. ತಂದೆಯವರ ಕ್ಯಾಮೆರಾವೊಂದನ್ನು ಪ್ರೀತಿಯಿಂದ ಅದರ ಚರ್ಮದ ಚೀಲದಲ್ಲಿಯೇ ಮುಚ್ಚಿಟ್ಟಿದ್ದೆ. ಕೆಲವು ಮಳೆಗಾಲಗಳ ಬಳಿಕ ತೆರೆದು ನೋಡಿದರೆ ಮಸೂರದೊಳಗೆ ಜೇಡರಬಲೆಯಂಥ ಎಳೆಗಳು. ಬೂಷ್ಟು ಸ್ರವಿಸುವ ಆಮ್ಲವು ಗಾಜಿನ ಲೇಪವನ್ನು ತಿಂದಿತ್ತು. ಒರೆಸಿದರೂ ಕಲೆ ಹೋಗಲಿಲ್ಲ. ಆ ಮಸೂರ ಹಿಡಿದ ಅಜ್ಜಿಯ ಚಿತ್ರ ಗೋಡೆಯ ಮೇಲೆ ಈಗಲೂ ಇದೆ. ಇನ್ನೊಂದು ಮುಖವನ್ನು ಅದು ಸ್ಪಷ್ಟವಾಗಿ ಕಾಣಲಾರದು. ತೇವವನ್ನು ಹೀರಿಟ್ಟುಕೊಳ್ಳುವ ಚರ್ಮದ ಚೀಲವೇ ಹಾನಿಗೆ ಕಾರಣವೆಂದು ಆಮೇಲೆ ತಿಳಿದೆ.

ಅಂದಿನಿಂದ ಕ್ಯಾಮೆರಾಗಳನ್ನು ಚೀಲದಿಂದ ಹೊರತೆಗೆದು, ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಡುತ್ತೇನೆ. ತೇವವನ್ನು ಹೀರಿ ತಣಿದ ಜೆಲ್ಲನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸುತ್ತೇನೆ. ಆಟಿ ತಿಂಗಳಿನಲ್ಲಿಯೂ ಹೊಳವಾದ ದಿನ ನೋಡಿ ಅವುಗಳನ್ನು ಗಾಳಿಗೆ ತೆಗೆದು, ಗುಂಡಿಗಳನ್ನು ಒತ್ತಿ, ಯಂತ್ರವನ್ನು ಆಡಿಸುತ್ತೇನೆ.

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬಿಸಿಲಿಗೆ ಪೆಟ್ಟಿಗೆ, ನಿಧಾನಕ್ಕೂ ದೊಡ್ಡ ಚಿತ್ರಕ್ಕೂ ಯಾಷಿಕಾ, ದೀಪದ ಬೆಳಕಿಗೆ ಪೆಂಟಾಕ್ಸು ಉತ್ತಮ. ಎಲ್ಲಕ್ಕಿಂತ ಉತ್ತಮವಾದುದು ಈ ವರ್ಷ ಒಂದು ಸುರುಳಿಯನ್ನಾದರೂ ಕಂಡ ಕ್ಯಾಮೆರಾ.