ಹೊಳಪಿನ ಲೆಕ್ಕ

ಮನೆಯಂಗಳದಲ್ಲಿ ಒಂದು ಹೊಸ ಪಾಲಿಶಿಂಗ್ ಯಂತ್ರ, ಮೂರು ಫೋಮ್ ಪ್ಯಾಡು, ಹನ್ನೊಂದು ವರ್ಷದ ಕಾರು ಮತ್ತು ಅಪ್ಪ

ಬೆಳಗಿನ ಏಳು ಗಂಟೆಯ ಬಿಸಿಲು ಬಾನೆಟ್ ಮೇಲೆ ಓರೆಯಾಗಿ ಬಿದ್ದಾಗಲೇ ಕಾರಿನ ನಿಜವಾದ ಬಣ್ಣ ತಿಳಿಯುವುದು. ನೆರಳಿನಲ್ಲಿ ಕಡುನೀಲಿಯಾಗಿ ಕಾಣುತ್ತಿದ್ದ ನಮ್ಮ ಕಾರು ಬಿಸಿಲಿಗೆ ಬಂದೊಡನೆ ಬೂದುಬೂದಾಗುತ್ತಿತ್ತು. ಸೂರ್ಯನ ಪ್ರತಿಬಿಂಬದ ಸುತ್ತ ಜೇಡ ಬಲೆ ನೇಯ್ದ ಹಾಗೆ ಸಾವಿರಾರು ಸಣ್ಣ ಗೀರುಗಳು. ಅಪ್ಪ ನಿವೃತ್ತರಾದ ವರ್ಷ ಕೊಂಡ ಕಾರು ಅದು. ಮೈಸೂರಿನ ನಮ್ಮ ಮನೆ ಮುಂದಿನ ಹೊಂಗೆ ಮರದಡಿ ನಿಂತೇ ಆಯುಷ್ಯದ ಬಹುಪಾಲು ಕಳೆದಿದೆ.

ಆ ಗೀರುಗಳನ್ನು ಯಾರೂ ಹಗೆಯಿಂದ ಎಳೆದದ್ದಲ್ಲ. ದಿನಾ ಬೆಳಿಗ್ಗೆ ಕಾಫಿ ಮುಗಿಸಿದ ಮೇಲೆ ಅಪ್ಪ ಹಳೇ ಪಂಚೆಯ ತುಂಡು ಹಿಡಿದು ಕಾರಿನ ಧೂಳು ಒರೆಸುತ್ತಾರೆ. ಒಂದು ದಿನವೂ ತಪ್ಪಿಸಿದವರಲ್ಲ. ನಮ್ಮ ರಸ್ತೆಯ ಧೂಳಿನಲ್ಲಿ ಸ್ಫಟಿಕ ಶಿಲೆಯ ಪುಡಿ ಇರುತ್ತದೆ. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಸ್ಫಟಿಕ ಶಿಲೆಗೆ 7. ಅಡುಗೆಮನೆಯ ಚಾಕುವಿಗಿಂತಲೂ ಅದು ಗಟ್ಟಿ. ಒಣಬಟ್ಟೆ ಆ ಕಣಗಳನ್ನು ಒರೆಸಿ ತೆಗೆಯುವುದಿಲ್ಲ, ಬಣ್ಣದ ಮೇಲೆ ಎಳೆದಾಡುತ್ತದೆ. ಹನ್ನೊಂದು ವರ್ಷದ ಅಕ್ಕರೆ ಬಾನೆಟ್ ಮೇಲೆ ಗೀರಾಗಿ ಉಳಿದಿತ್ತು. ಇದನ್ನು ಅಪ್ಪನಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಲೇ ನಾನು ಪಾಲಿಶಿಂಗ್ ಯಂತ್ರ ತರಿಸಿದೆ.

ಅರ್ಧ ಕೂದಲೆಳೆಯ ಆಸ್ತಿ

ಪಾಲಿಶ್ ಅಂದರೆ ಹೊಳಪು ಹಚ್ಚುವುದು ಎಂದೇ ಬಹಳ ಕಾಲ ನಂಬಿದ್ದೆ. ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹಣ ಕೊಟ್ಟು ಪಾಲಿಶ್ ಮಾಡಿಸಿದ್ದೆವು. ಮನೆಗೆ ಬಂದಾಗ ಕಾರು ಕನ್ನಡಿಯಂತಿತ್ತು. ಎರಡು ತಿಂಗಳು ನೀರು ಬೀಳುತ್ತಲೇ ಹಳೆಯ ಗೀರುಗಳೆಲ್ಲ ಹಾಗೇ ಮೇಲೆ ಬಂದವು. ಅಲ್ಲಿ ಗೀರು ಹೋಗಿರಲಿಲ್ಲ, ಎಣ್ಣೆ ಮತ್ತು ಮೇಣ ತುಂಬಿ ಅದನ್ನು ಮುಚ್ಚಲಾಗಿತ್ತು.

ಕಾರಿನ ಬಣ್ಣ ಒಂದೇ ಪದರವಲ್ಲ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂಥ ಪಾರದರ್ಶಕ ಕ್ಲಿಯರ್ ಕೋಟ್. ಸಾಮಾನ್ಯವಾಗಿ ಇವೆಲ್ಲ ಸೇರಿ 100ರಿಂದ 150 ಮೈಕ್ರಾನ್ ದಪ್ಪ. ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ ಲೆಕ್ಕ ಹಾಕಿದರೆ 40 ಮೈಕ್ರಾನಿನ ಆಸುಪಾಸು. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಅಂದರೆ ಬಿಸಿಲು, ಮಳೆ, ಹಕ್ಕಿ ಹಿಕ್ಕೆ, ಹೊಂಗೆಯ ಅಂಟು ಎಲ್ಲಕ್ಕೂ ಎದೆಯೊಡ್ಡಿ ನಿಲ್ಲುವ ಕವಚ ಅರ್ಧ ಕೂದಲೆಳೆಯಷ್ಟು!

ಗೀರುಗಳು ಇರುವುದು ಈ ಕ್ಲಿಯರ್ ಕೋಟಿನಲ್ಲಿ. ಅವು ಸುರುಳಿ ಸುರುಳಿಯಾಗಿ ಕಂಡರೂ ಇರುವುದು ಎಲ್ಲ ದಿಕ್ಕಿಗೂ. ಬೆಳಕಿಗೆ ಅಡ್ಡಲಾಗಿರುವ ಗೀರುಗಳು ಮಾತ್ರ ಮಿನುಗುವುದರಿಂದ ಕಣ್ಣಿಗೆ ಬಲೆಯಂತೆ ಕಾಣುತ್ತದೆ. ಅವನ್ನು ಹೋಗಲಾಡಿಸಲು ಇರುವ ದಾರಿ ಒಂದೇ. ಗೀರಿನ ಸುತ್ತಲಿನ ಮೇಲ್ಮೈಯನ್ನು ಗೀರಿನ ತಳದವರೆಗೂ ಸವೆಸಿ ಸಮ ಮಾಡುವುದು. ಬೆಳಕು ಚದುರದೆ ಒಂದೇ ಕಡೆ ಹಿಂತಿರುಗಿದರೆ ಅದನ್ನೇ ನಾವು ಹೊಳಪು ಎನ್ನುತ್ತೇವೆ. ಹೊಳಪು ಬರುವುದು ಹಚ್ಚಿದ್ದರಿಂದಲ್ಲ, ತೆಗೆದದ್ದರಿಂದ. ಒಮ್ಮೆ ತೆಗೆದದ್ದು ಮರಳಿ ಬರುವುದಿಲ್ಲ. ಈ ಮಾತು ಮನಸ್ಸಿಗೆ ಇಳಿಯುವ ತನಕ ಯಂತ್ರದ ಪ್ಲಗ್ ಹಾಕಬಾರದು.

ಎರಡು ಬಗೆಯ ತಿರುಗು

ಪಾಲಿಶಿಂಗ್ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಜಾತಿ. ರೋಟರಿ ಯಂತ್ರ ಒಂದೇ ಕೇಂದ್ರದ ಸುತ್ತ ಗಿರಗಿರನೆ ತಿರುಗುತ್ತದೆ. ಕೆಲಸ ಬೇಗ, ಬಿಸಿಯೂ ಬೇಗ. ಒಂದೇ ಕಡೆ ತುಸು ಹೊತ್ತು ನಿಂತರೂ ಬಣ್ಣ ಸುಡಬಹುದು. ಅನುಭವವಿಲ್ಲದ ಕೈಗೆ ಸಿಕ್ಕಿದರೆ ಬಿಸಿಲಿನಲ್ಲಿ ಅಲೆಯಲೆಯಾಗಿ ಕಾಣುವ ಗುರುತು ಬಿಟ್ಟುಹೋಗುತ್ತದೆ. ನುರಿತವರ ಕೈಯಲ್ಲಿ ಅದು ಅದ್ಭುತ ಸಾಧನ. ಅಂಗಳದಲ್ಲಿ ಮೊದಲ ಸಲ ಕೈಹಾಕುವವರಿಗೆ ಅಲ್ಲ.

ನಾನು ತರಿಸಿದ್ದು ಡ್ಯುಯಲ್ ಆ್ಯಕ್ಷನ್ ಯಂತ್ರ. ಇದರ ತಟ್ಟೆ ಕೇಂದ್ರದಿಂದ ತುಸು ಸರಿದು ಕೂತಿದೆ. ಮೋಟಾರು ಆ ತಟ್ಟೆಯನ್ನು ಒಂದು ಸಣ್ಣ ಕಕ್ಷೆಯಲ್ಲಿ ಓಡಿಸುತ್ತದೆ. ಜತೆಗೆ ತಟ್ಟೆ ತನ್ನ ಬೇರಿಂಗ್ ಮೇಲೆ ಸ್ವತಂತ್ರವಾಗಿ ತಿರುಗುತ್ತದೆ. ಭೂಮಿ ಸೂರ್ಯನನ್ನು ಸುತ್ತುತ್ತಲೇ ತಾನೂ ಸುತ್ತುವ ಹಾಗೆ. ನನ್ನ ಯಂತ್ರದ ಕಕ್ಷೆಯ ಅಗಲ 15 ಮಿಲಿಮೀಟರ್, ತಟ್ಟೆ 5 ಇಂಚು. ಇಟಲಿಯ ರೂಪೆಸ್ ಕಂಪನಿ 15 ಮತ್ತು 21 ಮಿಲಿಮೀಟರಿನ ಯಂತ್ರಗಳನ್ನು ತಂದ ಮೇಲೆ ಈ ದೊಡ್ಡ ಕಕ್ಷೆಯ ಮಾದರಿ ಎಲ್ಲೆಡೆ ಹಬ್ಬಿತು. ಪ್ಯಾಡು ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಓಡದ ಕಾರಣ ಬಿಸಿ ಹಂಚಿಹೋಗುತ್ತದೆ, ಸುರುಳಿ ಗುರುತು ಬೀಳುವ ಭಯ ಕಡಿಮೆ.

ಈ ಯಂತ್ರದಲ್ಲಿ ನನಗೆ ಬಹಳ ಹಿಡಿಸಿದ ಗುಣ ಬೇರೆಯೇ ಇದೆ. ಅತಿಯಾಗಿ ಒತ್ತಿದರೆ ತಟ್ಟೆಯ ತಿರುಗು ನಿಂತುಹೋಗುತ್ತದೆ. ಮೋಟಾರು ಓಡುತ್ತಿರುತ್ತದೆ, ಪ್ಯಾಡು ಬರಿದೇ ನಡುಗುತ್ತದೆ, ಗೀರು ಹಾಗೇ ಉಳಿಯುತ್ತದೆ. ಇದನ್ನು ಕಣ್ಣಾರೆ ಕಾಣಲು ತಟ್ಟೆಯ ಬದಿಗೆ ಮಾರ್ಕರಿನಿಂದ ಒಂದು ಕಪ್ಪು ಗೆರೆ ಎಳೆದುಕೊಳ್ಳುವುದು ರೂಢಿ. ಗೆರೆ ತಿರುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಗೆರೆ ನಿಂತರೆ ಕೈ ಹಗುರ ಮಾಡಬೇಕು.

ಸ್ಪಾಂಜಿನಲ್ಲೂ ಮೂರು ಸ್ವಭಾವ

ಡಬ್ಬಿಯಲ್ಲಿ ಮೂರು ಪ್ಯಾಡು ಬಂದಿದ್ದವು. ನೋಡಲು ಬಣ್ಣಬಣ್ಣದ ಸ್ಪಾಂಜು, ಮುಟ್ಟಿದರೆ ಒಂದೊಂದಕ್ಕೆ ಒಂದೊಂದು ಸ್ವಭಾವ. ಗಡಸು ಪ್ಯಾಡನ್ನು ಹೆಬ್ಬೆರಳಿನಿಂದ ಅದುಮಿದರೆ ಎದುರು ಒತ್ತುತ್ತದೆ. ಇದು ಆಳವಾದ ಗೀರು ಕತ್ತರಿಸುವಂಥದ್ದು. ನಡುವಿನದು ಪಾಲಿಶ್‌ಗೆ. ಮೆತ್ತನೆಯದು ಕೊನೆಯ ಮೆರುಗಿಗೆ, ಅದುಮಿದರೆ ಬಿಸಿ ಇಡ್ಲಿಯ ಹಾಗೆ ತಗ್ಗುತ್ತದೆ. ಬಣ್ಣ ನೋಡಿ ಪ್ಯಾಡು ಆರಿಸುವಂತಿಲ್ಲ. ಒಂದು ಕಂಪನಿಯ ಹಳದಿ ಮೃದುವಾಗಿದ್ದರೆ ಇನ್ನೊಂದರ ಹಳದಿ ಗಡಸಾಗಿರಬಹುದು. ಬೆರಳಿಗೆ ತಿಳಿದದ್ದನ್ನೇ ನಂಬಬೇಕು.

ಪಾಲಿಯುರೆಥೇನ್ ಫೋಮಿನ ಈ ಪ್ಯಾಡುಗಳ ಮೈತುಂಬ ರಂಧ್ರ. ಪಾಲಿಶ್ ದ್ರವದಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿನ ನುಣುಪು ಪುಡಿಯನ್ನು ಆ ರಂಧ್ರಗಳ ಅಂಚುಗಳು ಹಿಡಿದುಕೊಂಡು ಬಣ್ಣದ ಮೇಲೆ ಆಡಿಸುತ್ತವೆ. ಸವೆಸುವುದು ಪುಡಿ, ಎಷ್ಟು ಸವೆಸಬೇಕೆಂದು ತೀರ್ಮಾನಿಸುವುದು ಪ್ಯಾಡು. ಹಾಗಾಗಿ ಒಂದೇ ದ್ರವ ಗಡಸು ಪ್ಯಾಡಿನಲ್ಲಿ ಒಂದು ರೀತಿ, ಮೆತ್ತನೆಯದರಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ.

ಪ್ಯಾಡು ತಟ್ಟೆಗೆ ಅಂಟುವುದು ವೆಲ್ಕ್ರೊದಿಂದ. ಸ್ವಿಸ್ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ತಿರುಗಾಟಕ್ಕೆ ಹೋದಾಗ ತನ್ನ ನಾಯಿಯ ತುಪ್ಪಳಕ್ಕೆ ಅಂಟಿದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದರ ಉಪಾಯ ಕಂಡುಕೊಂಡ. 1955ರಲ್ಲಿ ಪೇಟೆಂಟ್ ಸಿಕ್ಕಿತು. ಹೊಲದ ಬದುವಿನಲ್ಲಿ ನಡೆದವರ ಪಂಚೆಗೆ ಉತ್ತರಾಣಿ ಹತ್ತಿಕೊಳ್ಳುವುದನ್ನು ನೋಡಿದವರಿಗೆ ಆ ಉಪಾಯ ವಿವರಿಸಬೇಕಿಲ್ಲ. ಪ್ಯಾಡನ್ನು ತಟ್ಟೆಯ ನಟ್ಟನಡುವೆ ಕೂರಿಸಬೇಕು. ಓರೆಯಾದರೆ ಯಂತ್ರ ಕೈಯಲ್ಲಿ ಕುಣಿಯುತ್ತದೆ.

ಎರಡಡಿ ಚೌಕದ ಪರೀಕ್ಷೆ

ಭಾನುವಾರ ಬೆಳಿಗ್ಗೆ ಕಾರು ತೊಳೆದು ನೆರಳಿಗೆ ತಂದೆವು. ತೊಳೆದ ಮೈ ಕೈಗೆ ನುಣ್ಣಗಿತ್ತು. ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈಯಿಟ್ಟು ಸವರಿದಾಗ ಮಾತ್ರ ಉಪ್ಪುಕಾಗದದ ಹಾಗೆ ತರಿತರಿ ಸಿಕ್ಕಿತು. ಬಣ್ಣಕ್ಕೆ ಕಚ್ಚಿಕೊಂಡ ಹೊಗೆ, ಲೋಹದ ಪುಡಿ, ಮರದ ಅಂಟು ಎಲ್ಲ ಇರುವುದು ಹಾಗೆ. ಸಾಬೂನು ನೀರು ಚಿಮುಕಿಸಿ, ಕ್ಲೇ ಎಂಬ ಜೇಡಿಯಂಥ ಮುದ್ದೆಯನ್ನು ಮೆಲ್ಲಗೆ ಜಾರಿಸುತ್ತಾ ಹೋದರೆ ಅದು ಇವನ್ನೆಲ್ಲ ಎತ್ತಿಕೊಳ್ಳುತ್ತದೆ. ಮುದ್ದೆ ಕೆಳಗೆ ಬಿದ್ದರೆ ಅದನ್ನು ಮತ್ತೆ ಬಳಸಬಾರದು. ಬಿದ್ದಲ್ಲಿ ಅಂಟಿದ ಮರಳು ಹೊಸ ಗೀರು ಎಳೆಯುತ್ತದೆ.

ಆಮೇಲೆ ಮಾಸ್ಕಿಂಗ್ ಟೇಪು. ಕಪ್ಪು ಪ್ಲಾಸ್ಟಿಕ್ಕಿಗೆ, ರಬ್ಬರ್ ಪಟ್ಟಿಗೆ, ಬಾನೆಟ್ಟಿನ ಏಣುಗಳಿಗೆ ಹಚ್ಚಿದೆ. ಏಣು ಮತ್ತು ಅಂಚುಗಳಲ್ಲಿ ಬಣ್ಣ ಮೊದಲೇ ತೆಳು, ಪ್ಯಾಡಿನ ಒತ್ತಡ ಅಲ್ಲೇ ಹೆಚ್ಚು. ಬಣ್ಣ ಕಿತ್ತುಬರುವುದಿದ್ದರೆ ಮೊದಲು ಅಲ್ಲಿಂದಲೇ. ಬಾನೆಟ್ಟಿನ ಒಂದು ಕಡೆ ಎರಡಡಿ ಉದ್ದಗಲದ ಚೌಕ ಗುರುತಿಸಿ, ಅದರ ನಡುವೆಯೂ ಒಂದು ಟೇಪು ಹಚ್ಚಿದೆ. ಒಂದು ಅರ್ಧ ಹಾಗೇ ಉಳಿಯಬೇಕು, ಇನ್ನೊಂದು ಅರ್ಧ ಪರೀಕ್ಷೆಗೆ.

ಪರೀಕ್ಷೆಯ ನಿಯಮ ಒಂದೇ: ಎಲ್ಲಕ್ಕಿಂತ ಮೃದುವಾದದ್ದರಿಂದ ಶುರು ಮಾಡಬೇಕು. ಮೆತ್ತನೆಯ ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ಹನಿ ಪಾಲಿಶ್. ಯಂತ್ರ ಚಾಲೂ ಮಾಡುವ ಮೊದಲೇ ಪ್ಯಾಡನ್ನು ಬಾನೆಟ್ಟಿಗೆ ತಾಗಿಸಿದೆ. ಗಾಳಿಯಲ್ಲಿ ಚಾಲೂ ಮಾಡಿದರೆ ಹನಿಗಳು ಗೋಡೆಗೂ ಮುಖಕ್ಕೂ ಸಿಡಿಯುತ್ತವೆ. ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ವೇಗ ಏರಿಸಿ, ಸೆಕೆಂಡಿಗೆ ಒಂದಿಂಚಿನಂತೆ ನಿಧಾನವಾಗಿ ಸರಿಸಿದೆ. ಒಂದು ಸಾಲಿನ ಮೇಲೆ ಮುಂದಿನ ಸಾಲು ಅರ್ಧ ಹಾಯುವಂತೆ ಮೊದಲು ಅಡ್ಡ, ಆಮೇಲೆ ಉದ್ದ. ಅಂಗಳಕ್ಕೆ ಸಗಣಿ ಸಾರಿಸುವಾಗ ಅಜ್ಜಿ ಎಲ್ಲೂ ಎಡೆ ಬಿಡದಂತೆ ಕೈ ಆಡಿಸುತ್ತಿದ್ದದ್ದು ನೆನಪಾಯಿತು. ವೈರನ್ನು ಹೆಗಲ ಮೇಲೆ ಹಾಕಿಕೊಂಡಿದ್ದೆ, ಬಣ್ಣದ ಮೇಲೆ ಅದು ಉಜ್ಜಬಾರದು.

ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದಾಗ ಹೊಳಪು ಬಂದಿತ್ತು. ಆದರೆ ಹಿಂದಿನ ಅನುಭವ ಮರೆತಿರಲಿಲ್ಲ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಚಿಮುಕಿಸಿ ಎಣ್ಣೆಯನ್ನೆಲ್ಲ ತೆಗೆದು ಟಾರ್ಚ್ ಬಿಟ್ಟೆ. ಅರ್ಧದಷ್ಟು ಗೀರು ಹೋಗಿತ್ತು, ಅರ್ಧ ಇತ್ತು. ನಡುವಿನ ಪ್ಯಾಡು ಹಾಕಿ ಅದೇ ಪಾಲಿಶಿನಿಂದ ಮತ್ತೆ ನಾಲ್ಕು ಸಲ ಹಾಯಿಸಿದೆ. ಈ ಸಲ ಟಾರ್ಚಿನ ಬೆಳಕು ಬಾನೆಟ್ಟಿನಲ್ಲಿ ಒಂದೇ ಬಿಂದುವಾಗಿ ನಿಂತಿತು, ಸುತ್ತ ಬಲೆಯಿರಲಿಲ್ಲ. ಗಡಸು ಪ್ಯಾಡನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ.

ನಡುವಿನ ಟೇಪು ಕಿತ್ತಾಗ ಅಪ್ಪ ಪಕ್ಕದಲ್ಲಿದ್ದರು. ಗೆರೆಯ ಈಚೆ ಬೂದು, ಆಚೆ ಕಡುನೀಲಿ. ಬಹಳ ಹೊತ್ತು ನೋಡಿ ಹೇಳಿದರು: "ಶೋರೂಮಿನಲ್ಲಿ ನೋಡಿದ ಬಣ್ಣ ಕಣೋ ಇದು. ಎಲ್ಲಿ ಹೋಗಿತ್ತು ಇಷ್ಟು ದಿನ?"

ಧೂಳು, ಒಣಬಟ್ಟೆ, ಗೀರು, ಎಲ್ಲ ಆಗ ಹೇಳಿದೆ. ಅವರು ಮಾತಾಡಲಿಲ್ಲ. ಕೈಯಲ್ಲಿದ್ದ ಪಂಚೆಯ ತುಂಡನ್ನು ಮಡಿಸಿ ಜಗಲಿಯ ಮೇಲಿಟ್ಟರು. "ಮೊದಲೇ ಹೇಳಬಾರದಿತ್ತಾ?" ಎಂದರು, ಅಷ್ಟೇ.

ಕೈ ಹಗುರ ಮಾಡುವ ವಿದ್ಯೆ

ಬಲಬದಿಯ ಬಾಗಿಲಿಗೆ ಬರುವಾಗ ಅಪ್ಪ ಯಂತ್ರ ತಮಗೆ ಕೊಡು ಎಂದರು. ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಬೆಳಗಿದ ಕೈ ಅವರದು. ಬಲ ಹಾಕಿದಷ್ಟೂ ಬೆಳಗುತ್ತದೆ ಎಂಬುದು ಆ ಕೈಗೆ ಗೊತ್ತಿದ್ದ ಪಾಠ. ಎರಡೂ ಕೈಯಿಂದ ಅದುಮಿದರು. "ಅಪ್ಪ, ಗೆರೆ ನೋಡಿ" ಎಂದೆ. ಕಪ್ಪು ಗೆರೆ ನಿಂತುಬಿಟ್ಟಿತ್ತು. ಕೈ ಸಡಿಲಿಸಿದರು, ಗೆರೆ ತಿರುಗತೊಡಗಿತು. ಮತ್ತೆ ಅದುಮಿದರು, ನಿಂತಿತು. ನಾಲ್ಕೈದು ಸಲ ಹಾಗೆ ಮಾಡಿ ನೋಡಿ, ಯಂತ್ರದ ತೂಕವಷ್ಟೇ ಸಾಕು ಎಂಬುದನ್ನು ತಾವೇ ಕಂಡುಕೊಂಡರು.

"ಚನ್ನಪಟ್ಟಣದಲ್ಲಿ ಬೊಂಬೆ ಮಾಡೋದು ನೋಡಿದ್ದೀಯಲ್ಲ, ಹಾಗೇ ಇದು" ಎಂದರು ಕಣ್ಣು ಗೆರೆಯಿಂದ ಕದಲಿಸದೆ. ನಿಜ. ಅಲ್ಲಿ ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಆಮೇಲೆ ಒಣಗಿದ ತಾಳೆಗರಿಯನ್ನು ಒತ್ತಿ ಹಿಡಿದು ಮೆರುಗು ಕೊಡುತ್ತಾರೆ. ತಿರುಗು, ಉಜ್ಜು, ಬಿಸಿ ಮೂರೂ ಅಲ್ಲೂ ಇವೆ, ಇಲ್ಲೂ ಇವೆ. ಎಷ್ಟು ಒತ್ತಬೇಕೆಂಬುದು ಆ ಕುಶಲಕರ್ಮಿಯ ಬೆರಳಿಗೆ ವರ್ಷಗಳ ದುಡಿಮೆಯಿಂದ ಬಂದಿರುತ್ತದೆ. ನಮಗೆ ಅದನ್ನು ಹೇಳಿಕೊಡಲು ಒಂದು ಮಾರ್ಕರ್ ಗೆರೆ ಬೇಕಾಯಿತು.

ಒಂದೊಂದು ಚೌಕ ಮುಗಿದಾಗಲೂ ಪ್ಯಾಡನ್ನು ಬ್ರಷ್ಷಿನಿಂದ ಸ್ವಚ್ಛ ಮಾಡಿದೆವು. ಸವೆದ ಬಣ್ಣ ಮತ್ತು ಒಣಗಿದ ಪಾಲಿಶ್ ರಂಧ್ರದಲ್ಲಿ ತುಂಬಿಕೊಂಡರೆ ಪ್ಯಾಡು ಬಿಸಿಯಾಗುತ್ತದೆ, ಒಳಗಿನ ಅಂಟು ಬಿಡುತ್ತದೆ. ಎಡಗಡೆ ಬಾಗಿಲಲ್ಲಿ ಗೇಟು ತಾಗಿದ ಗೀರೊಂದಿದೆ. ಅಡ್ಡಲಾಗಿ ಎಳೆದರೆ ಉಗುರು ಸಿಕ್ಕಿಕೊಳ್ಳುತ್ತದೆ. ಅಷ್ಟು ಆಳದ್ದನ್ನು ಸವೆಸಹೊರಟರೆ ಕ್ಲಿಯರ್ ಕೋಟೇ ಮುಗಿದೀತು. ಅದರ ತಂಟೆಗೆ ಹೋಗಲಿಲ್ಲ.

ಸಂಜೆ ಐದಕ್ಕೆ ಕೆಲಸ ಮುಗಿಯಿತು. ಮೇಣ ಹಚ್ಚಿದೆವು. ಪ್ಯಾಡುಗಳನ್ನು ಸಾಬೂನು ನೀರಲ್ಲಿ ತೊಳೆದು ಮೆಲ್ಲಗೆ ಹಿಂಡಿ ನೆರಳಿಗಿಟ್ಟೆವು. ಇನ್ನು ಮುಂದೆ ಒಣಬಟ್ಟೆ ಇಲ್ಲ ಎಂದು ಮಾತಾಯಿತು. ವಾರಕ್ಕೊಮ್ಮೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸಲು ಬರೀ ನೀರು. ಮೊದಲು ಪೈಪಿನಲ್ಲಿ ಧೂಳು ಇಳಿಸಿ ಆಮೇಲೆ ಬಟ್ಟೆ ಮುಟ್ಟಿಸುವುದು. ಬೋರ್‌ವೆಲ್ ನೀರಿನ ಸುಣ್ಣದ ಕಲೆ ಕೂರದಂತೆ ಕೂಡಲೇ ಒತ್ತಿ ಒಣಗಿಸುವುದು. ಹಾಗೆ ನೋಡಿಕೊಂಡರೆ ಯಂತ್ರ ಹಲವು ವರ್ಷ ಡಬ್ಬಿಯಲ್ಲೇ ಇರುತ್ತದೆ. ಅದು ಡಬ್ಬಿಯಲ್ಲಿದ್ದಷ್ಟು ದಿನವೂ ಬಣ್ಣಕ್ಕೆ ಉಳಿತಾಯ.

ರಾತ್ರಿ ಊಟವಾದ ಮೇಲೆ ಅಪ್ಪ ಕಾರಿನ ಡೈರಿ ತೆಗೆದರು. ಮೊದಲ ದಿನದಿಂದ ಹಾಕಿಸಿದ ಪೆಟ್ರೋಲು, ಓಡಿದ ಕಿಲೋಮೀಟರು, ಬದಲಾಯಿಸಿದ ಟೈರು ಎಲ್ಲ ಅದರಲ್ಲಿದೆ. ಪೆನ್ನು ಹಿಡಿದು ಕೇಳಿದರು: "ಎಷ್ಟು ಹೋಯ್ತು ಇವತ್ತು?"

"ಎರಡು ಮೈಕ್ರಾನ್ ಇರಬಹುದು ಅಪ್ಪ. ಅಳೆಯೋ ಮೀಟರ್ ನಮ್ಮ ಹತ್ತಿರ ಇಲ್ಲವಲ್ಲ."

ಖರ್ಚಿನ ಕಲಮಿನಲ್ಲಿ, ಪೆಟ್ರೋಲಿನ ಕೆಳಗೆ, ದುಂಡಗೆ ಬರೆದರು: ಬಣ್ಣ, 3 ಮೈಕ್ರಾನ್.

"ಎರಡು ಅಂದೆನಲ್ಲ?"

"ಖರ್ಚನ್ನ ಯಾವತ್ತೂ ಒಂದು ಹೆಚ್ಚಿಗೇ ಬರೆದುಕೋಬೇಕು" ಎಂದು ಡೈರಿ ಮುಚ್ಚಿದರು.