ನಿಮಗಿದು ಗೊತ್ತೆ? ಗಾಳಿಯಿಲ್ಲದ ಚಂದ್ರನಲ್ಲಿ ಬಾವುಟ ಹಾರಿದ್ದು ಹೇಗೆ?

1969ರ ಜುಲೈನಲ್ಲಿ ಅಪೊಲೊ 11ರ ನೀಲ್ ಆರ್ಮ್‌ಸ್ಟ್ರಾಂಗ್, ಬಜ್ ಆಲ್ಡ್ರಿನ್ ಚಂದ್ರನ ಮೇಲೆ ಓಡಾಡಿದ್ದು ಬರೀ ಸ್ಟುಡಿಯೊ ನಾಟಕ ಎನ್ನುವವರು ಮೊದಲು ಬೆರಳು ತೋರಿಸುವುದು ಬಾವುಟದ ಕಡೆಗೆ. ಗಾಳಿಯೇ ಇಲ್ಲದಲ್ಲಿ ಅದು ಹರಡಿಕೊಂಡದ್ದು ಹೇಗೆ? ಬಟ್ಟೆಯ ಮೇಲಂಚಿನೊಳಗೆ ಒಂದು ಅಡ್ಡಕೋಲು ತೂರಿಸಿದ್ದರು, ಅಷ್ಟೆ. ಆ ಕೋಲು ಪೂರ್ತಿ ಚಾಚಿಕೊಳ್ಳದೆ ಬಟ್ಟೆ ಸುಕ್ಕಾಗಿ ಉಳಿಯಿತು. ಫೋಟೊದಲ್ಲಿ ಅಲೆಯಂತೆ ಕಾಣುವುದು ಆ ಸುಕ್ಕೇ. ಪಾಪ, ಬಾವುಟ ಹೆಚ್ಚು ಹೊತ್ತು ನಿಲ್ಲಲೂ ಇಲ್ಲ. ಹೊರಡುವಾಗ ಎಂಜಿನ್ನಿನ ರಭಸಕ್ಕೆ ಅದು ಉರುಳಿದ್ದನ್ನು ಆಲ್ಡ್ರಿನ್ ಕಂಡಿದ್ದರು.

ಅವರು ಹೋಗಿದ್ದಕ್ಕೆ ಪುರಾವೆಯೆಂದು ಹೇಳುವುದು ಅಲ್ಲಿಟ್ಟು ಬಂದ ಪ್ರತಿಫಲಕವನ್ನು: ಭೂಮಿಯಿಂದ ಅದಕ್ಕೆ ಲೇಸರ್ ಬಿಟ್ಟರೆ ಎರಡೂವರೆ ಸೆಕೆಂಡಿನಲ್ಲಿ ಬೆಳಕು ವಾಪಸ್. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿರುವುದನ್ನು ಅಳೆಯುವುದು ಹೀಗೆಯೇ. ಆದರೆ ಪುರಾವೆಯಾಗಿ ಇದು ತುಸು ಸಡಿಲ: ಸೋವಿಯತ್ ಒಕ್ಕೂಟದ ಲೂನೊಖೋದ್ ರೋವರ್‌ಗಳೂ, ಮನುಷ್ಯರಿಲ್ಲದೆ, ಪ್ರತಿಫಲಕ ಒಯ್ದಿದ್ದವು. ಕಲ್ಲುಮಣ್ಣಿನ ಲೆಕ್ಕ ಇದಕ್ಕಿಂತ ಗಟ್ಟಿ. ಆರು ಅಪೊಲೊ ಯಾನಗಳಲ್ಲಿ ಬಂದದ್ದು 382 ಕೆ.ಜಿ.; ಸೋವಿಯತ್ತಿನ ಮೂರು ಲೂನಾ ಯಂತ್ರಗಳು ತಂದದ್ದು ಒಟ್ಟು ಸುಮಾರು 300 ಗ್ರಾಂ.

ಅಪೊಲೊ 14ರವರು ಕೈಗಾಡಿ ಎಳೆದುಕೊಂಡು ನಡೆದ ಜಾಡು 2009ರಲ್ಲಿ ನಾಸಾದ ಕಕ್ಷಾನೌಕೆಯ ಕ್ಯಾಮೆರಾಕ್ಕೆ ಸಿಕ್ಕಿತು. ನಾಸಾದ ಫೋಟೊ ನಂಬುವುದಿಲ್ಲ ಎನ್ನುವವರಿಗೆ ನಮ್ಮ ಇಸ್ರೊ ಇದೆ: ಅಪೊಲೊ 11 ಅಲ್ಲೇ ಬಿಟ್ಟುಬಂದ ಇಳಿನೌಕೆಯ ಕೆಳಭಾಗವನ್ನು 2021ರಲ್ಲಿ ಚಂದ್ರಯಾನ-2 ಸೆರೆಹಿಡಿದಿದೆ.