ವಿದೇಶಿ ಪಾವತಿ: ಐದನೆಯ ಅಕ್ಷರದತ್ತ ಗಮನವಿರಲಿ

ಪೀಣ್ಯದ ಸಣ್ಣ ತಯಾರಕರೊಬ್ಬರು ಜರ್ಮನಿಯ ಗ್ರಾಹಕರಿಗೆ ಬಿಡಿಭಾಗಗಳನ್ನು ರಫ್ತು ಮಾಡಿ, ಇನ್‌ವಾಯ್ಸ್‌ನಲ್ಲಿ ಐಎಫ್‌ಎಸ್‌ಸಿ ಸಂಕೇತವನ್ನಷ್ಟೇ ನಮೂದಿಸಿದರೆ ಹಣ ಸಕಾಲಕ್ಕೆ ಕೈಸೇರುವುದು ಕಷ್ಟ. ಆ ಸಂಕೇತವಿರುವುದು ದೇಶದೊಳಗಿನ ನೆಫ್ಟ್, ಆರ್‌ಟಿಜಿಎಸ್ ಮೊದಲಾದ ವರ್ಗಾವಣೆಗಳಿಗಾಗಿ. ವಿದೇಶದ ಬ್ಯಾಂಕಿಗೆ ಬೇಕಾದುದು ‘ಬಿಐಸಿ’, ಅಂದರೆ ವ್ಯಾಪಾರಿಗಳು ರೂಢಿಯಲ್ಲಿ ‘ಸ್ವಿಫ್ಟ್ ಕೋಡ್’ ಎನ್ನುವ ಸಂಕೇತ.

ಸ್ವಿಫ್ಟ್ 1973ರಲ್ಲಿ 15 ರಾಷ್ಟ್ರಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಂನಲ್ಲಿ ಸ್ಥಾಪಿಸಿದ ಸಹಕಾರಿ ಸಂಸ್ಥೆ. ಟೆಲೆಕ್ಸ್‌ಗೆ ಬದಲಾಗಿ ಅದರ ಜಾಲ 1977ರಲ್ಲಿ ಕಾರ್ಯಾರಂಭ ಮಾಡಿತು. ಈ ಜಾಲದಲ್ಲಿ ಸಾಗುವುದು ಹಣವಲ್ಲ, ಪಾವತಿಯ ಸಂದೇಶ ಮಾತ್ರ. ಹಣದ ಜಮಾ-ಖರ್ಚು ನಡೆಯುವುದು ಬ್ಯಾಂಕುಗಳು ಪರಸ್ಪರ ಹೊಂದಿರುವ ಖಾತೆಗಳಲ್ಲಿ. ಆದ್ದರಿಂದ ಸಂದೇಶದ ವಿಳಾಸ ತಪ್ಪಿದರೆ ಹಣವೂ ದಾರಿ ತಪ್ಪುತ್ತದೆ.

ಸಂಕೇತದ ರಚನೆ

ಬಿಐಸಿಯಲ್ಲಿ 8 ಅಥವಾ 11 ಅಕ್ಷರಗಳಿರುತ್ತವೆ. ಮೊದಲ ನಾಲ್ಕು ಬ್ಯಾಂಕನ್ನೂ ಮುಂದಿನ ಎರಡು ದೇಶವನ್ನೂ ಅದರ ನಂತರದ ಎರಡು ಸಾಮಾನ್ಯವಾಗಿ ಸ್ಥಳವನ್ನೂ ಸೂಚಿಸುತ್ತವೆ. ಕೊನೆಯ ಮೂರು ಇದ್ದಲ್ಲಿ ಶಾಖೆಯ ಗುರುತು. ಕೆನರಾ ಬ್ಯಾಂಕಿನ ಐಎಫ್‌ಎಸ್‌ಸಿ ಹಾಗೂ ಬಿಐಸಿ ಎರಡೂ ‘ಸಿಎನ್‌ಆರ್‌ಬಿ’ ಎಂದೇ ಆರಂಭವಾಗುತ್ತವೆ. ಗೊಂದಲಕ್ಕೆ ಮೂಲ ಇದೇ. ವ್ಯತ್ಯಾಸ ತಿಳಿಯುವುದು ಐದನೆಯ ಸ್ಥಾನದಲ್ಲಿ: ಐಎಫ್‌ಎಸ್‌ಸಿಯಲ್ಲಿ ಅಲ್ಲಿ ಸೊನ್ನೆ ಇರುತ್ತದೆ, ಭಾರತದ ಬಿಐಸಿಯಲ್ಲಿ ಐದು-ಆರನೆಯ ಅಕ್ಷರಗಳು ‘ಐಎನ್’.

ಪ್ರತಿಯೊಂದು ಶಾಖೆಗೂ ಪ್ರತ್ಯೇಕ ಬಿಐಸಿ ಇರುವುದಿಲ್ಲ. ತಮ್ಮ ಖಾತೆಗೆ ಯಾವುದನ್ನು ಬಳಸಬೇಕೆಂದು ಬ್ಯಾಂಕಿನಿಂದಲೇ ಲಿಖಿತವಾಗಿ ಪಡೆಯುವುದು ಕ್ಷೇಮ. ತಪ್ಪು ವಿವರದಿಂದ ಪಾವತಿ ಹಿಂತಿರುಗಿದರೆ ಮಧ್ಯವರ್ತಿ ಬ್ಯಾಂಕುಗಳ ಶುಲ್ಕ ಕಡಿತವಾಗಬಹುದು. ಅಷ್ಟು ದಿನ ದುಡಿಯುವ ಬಂಡವಾಳವೂ ಸಿಲುಕಿಕೊಳ್ಳುತ್ತದೆ. ವಿಳಂಬವಾದಾಗ ಗ್ರಾಹಕರಿಂದ 36 ಅಕ್ಷರಗಳ ‘ಯುಇಟಿಆರ್’ ಸಂಖ್ಯೆಯನ್ನು ಕೇಳಿ ಪಡೆದರೆ, ಪಾವತಿ ಎಲ್ಲಿ ನಿಂತಿದೆಯೆಂದು ಬ್ಯಾಂಕು ಪತ್ತೆ ಹಚ್ಚಲು ಅನುಕೂಲ.

ಆಮದುದಾರರಿಗೆ ಎಚ್ಚರಿಕೆ

‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇ-ಮೇಲ್ ಕಳುಹಿಸಿ ಹಣ ಲಪಟಾಯಿಸುವ ವಂಚನೆ ವ್ಯಾಪಕವಾಗಿದೆ. ಸರಬರಾಜುದಾರರು ಇಟಲಿಯವರಾಗಿದ್ದು, ಹೊಸ ಸಂಕೇತದ ಐದು-ಆರನೆಯ ಅಕ್ಷರಗಳು ಬೇರೊಂದು ದೇಶವನ್ನು ತೋರಿಸಿದರೆ ಪಾವತಿಯನ್ನು ತಡೆಹಿಡಿಯಬೇಕು. ದೇಶ ಸರಿಯಿದ್ದರೂ ನಿಶ್ಚಿಂತರಾಗುವಂತಿಲ್ಲ. ಬಿಐಸಿ ಬ್ಯಾಂಕನ್ನು ಗುರುತಿಸುತ್ತದೆಯೇ ಹೊರತು ಖಾತೆದಾರರ ಪ್ರಾಮಾಣಿಕತೆಗೆ ಜಾಮೀನು ನಿಲ್ಲುವುದಿಲ್ಲ. ಮೊದಲಿನಿಂದ ತಿಳಿದಿರುವ ದೂರವಾಣಿ ಸಂಖ್ಯೆಗೇ ಕರೆಮಾಡಿ ಖಚಿತಪಡಿಸಿಕೊಂಡ ನಂತರವಷ್ಟೇ ಹಣ ಕಳುಹಿಸುವುದು ಉಚಿತ.